ಎಂಟು ಮೈಲಿ ದೂರದ ವೈರಿ

ಬ್ಲಾಗಿನ ಕಡೆ ತಲೆ ಹಾಕದೆ ತುಂಬಾ ದಿನ ಆಗಿತ್ತು. ಬರೀಬೇಕು ಅಂದುಕೊಂಡಿದ್ದು ಬೇಕಾದಷ್ಟಿತ್ತು, ಕೂತರೆ ಒಂದು ಸಾಲೂ ಹೊರಡ್ತಿರಲಿಲ್ಲ. ಹೋದ ಭಾನುವಾರ ಹಳೇ ಗೆಳೆಯನೊಬ್ಬ ಮನೆಗೆ ಬಂದಿದ್ದ. ಊಟ ಮುಗಿಸಿ ಇಬ್ಬರೂ 'ಗೋ ಟೈಗರ್ಸ್!' ಅನ್ನೋ ಸಾಕ್ಷ್ಯಚಿತ್ರ ನೋಡಿದ್ವಿ. 2001ರದ್ದು, ಅಮೆರಿಕದ ಒಂದು ಊರಿನ ಹೈಸ್ಕೂಲ್ ಫುಟ್‌ಬಾಲ್ ತಂಡದ ಬಗ್ಗೆ. ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲ ಮಾರಾಯ, ಹೈಸ್ಕೂಲ್ ಹುಡುಗರ ಆಟ ನೋಡೋಕೆ ಹದಿನಾರು ಸಾವಿರ ಜನ ಕೂರೋ ಸ್ಟೇಡಿಯಂ ಕಟ್ಟಿದಾರಲ್ಲ, ಈ ಊರಿನವರಿಗೆ ಬೇರೆ ಕೆಲಸ ಇಲ್ವಾ?"

ಆಗ ನಕ್ಕು ಸುಮ್ಮನಾದೆ. ಆದರೆ ರಾತ್ರಿಯೆಲ್ಲ ಆ ಪ್ರಶ್ನೆ ಕೊರೀತಾನೇ ಇತ್ತು. ಯಾಕಂದ್ರೆ ಅವನು ತಮಾಷೆಗೆ ಕೇಳಿದ್ದರಲ್ಲೇ ಉತ್ತರ ಇತ್ತು. ಆ ಊರಿನವರಿಗೆ ಬೇರೆ ಕೆಲಸ ಇತ್ತು. ಅದರಲ್ಲಿ ಬಹುಪಾಲು ಹೋಯ್ತು. ಆಟ ಉಳೀತು. ಹಾಗೆ ಉಳಿದದ್ದು ಒಳ್ಳೇದೋ ಕೆಟ್ಟದ್ದೋ ಅನ್ನೋದೇ ಈ ಬರಹದ ವಿಷಯ.

ಮೊದಲು ಊರುಗಳ ಪರಿಚಯ. ಓಹಾಯೋ ರಾಜ್ಯದ ಈಶಾನ್ಯ ಭಾಗದಲ್ಲಿ ಸ್ಟಾರ್ಕ್ ಅಂತ ಒಂದು ಕೌಂಟಿ. ಅದರಲ್ಲಿ ಕ್ಯಾಂಟನ್ ಮತ್ತು ಮ್ಯಾಸಿಲನ್ ಅಂತ ಎರಡು ಊರು. ನಡುವೆ ಎಂಟು ಮೈಲಿ, ನಮ್ಮ ಲೆಕ್ಕದಲ್ಲಿ ಹದಿಮೂರು ಕಿಲೋಮೀಟರ್. ಕ್ಯಾಂಟನ್ ಕೌಂಟಿಯ ಕೇಂದ್ರ, ಈಗ ಸುಮಾರು 70 ಸಾವಿರ ಜನಸಂಖ್ಯೆ. 1950ರಲ್ಲಿ ಅಲ್ಲಿ 1 ಲಕ್ಷ 16 ಸಾವಿರ ಜನ ಇದ್ದರು ಅನ್ನೋದನ್ನ ಪಕ್ಕಕ್ಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಮ್ಯಾಸಿಲನ್ ಇನ್ನೂ ಚಿಕ್ಕದು, 32 ಸಾವಿರ. ಕ್ಯಾಂಟನ್‌ನ ಶಾಲೆಗೆ ಆ ಊರಲ್ಲೇ ಬದುಕಿದ್ದ ಅಧ್ಯಕ್ಷ ವಿಲಿಯಂ ಮೆಕಿನ್ಲಿಯ ಹೆಸರು. ತಂಡ ಬುಲ್‌ಡಾಗ್ಸ್, ಬಣ್ಣ ಕೆಂಪು-ಕಪ್ಪು. ಮ್ಯಾಸಿಲನ್‌ನ ಶಾಲೆಗೆ ವಾಷಿಂಗ್ಟನ್ ಹೆಸರು. ತಂಡ ಟೈಗರ್ಸ್, ಬಣ್ಣ ಕಿತ್ತಳೆ-ಕಪ್ಪು.

ಆಟ ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಮಧ್ಯೆ ನುಗ್ಗುವ ಆಟ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲಾಂದ್ರೆ ಚೆಂಡು ಅವರಿಗೆ. ಗೆರೆ ದಾಟಿದರೆ ಆರು ಅಂಕ. ಇಷ್ಟು ಗೊತ್ತಿದ್ದರೆ ಸಾಕು, ನಂಗೂ ಇದಕ್ಕಿಂತ ಜಾಸ್ತಿ ಅರ್ಥ ಆಗಿದ್ದು ಕಮ್ಮಿನೇ :-)

ಈ ಎರಡು ಶಾಲೆಗಳು ಮೊದಲ ಸಲ ಎದುರಾಗಿದ್ದು 1894ರಲ್ಲಿ. ಆ ವರ್ಷದ್ದೇ ಇನ್ನೊಂದು ಕತೆ ಇದೆ. ಹಿಂದಿನ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಲಕ್ಷಾಂತರ ಜನ ಕೆಲಸ ಕಳಕೊಂಡಿದ್ದರು. 1894ರ ಮಾರ್ಚ್ 25ರಂದು, ಈಸ್ಟರ್ ಭಾನುವಾರ, ಮ್ಯಾಸಿಲನ್‌ನ ಜೇಕಬ್ ಕಾಕ್ಸಿ ಅನ್ನೋ ವ್ಯಾಪಾರಿ ಒಂದಷ್ಟು ನಿರುದ್ಯೋಗಿಗಳನ್ನ ಕಟ್ಟಿಕೊಂಡು ವಾಷಿಂಗ್ಟನ್‌ಗೆ ಕಾಲ್ನಡಿಗೆ ಹೊರಟ. ಸರ್ಕಾರ ರಸ್ತೆ ಕೆಲಸ ಶುರು ಮಾಡಿ ಇವರಿಗೆಲ್ಲ ಕೂಲಿ ಕೊಡಲಿ ಅನ್ನೋದು ಬೇಡಿಕೆ. ಆ ಮೆರವಣಿಗೆ ಮೊದಲು ತಲುಪಿದ್ದು ಪಕ್ಕದ ಕ್ಯಾಂಟನ್‌ಗೆ. ಕೊನೆಗೆ ರಾಜಧಾನಿಯಲ್ಲಿ ಕಾಕ್ಸಿಯನ್ನ ಬಂಧಿಸಿದ್ದು ಸಂಸತ್ ಭವನದ ಹುಲ್ಲುಹಾಸು ತುಳಿದ ಅಂತ! ಕೆಲಸ ಇಲ್ಲದ ಆ ವರ್ಷದಲ್ಲೇ ಈ ಎರಡು ಊರಿನ ಹುಡುಗರು ಚೆಂಡು ಹಿಡಿದು ಎದುರುಬದುರು ನಿಂತದ್ದು. ಅಲ್ಲಿಂದ ಇಲ್ಲಿವರೆಗೆ 130ಕ್ಕೂ ಹೆಚ್ಚು ಆಟ ಆಗಿವೆ. ಒಟ್ಟು ಲೆಕ್ಕದಲ್ಲಿ ಮ್ಯಾಸಿಲನ್ ಮುಂದಿದೆ.

ನಾನು ಆ ಕಡೆ ಎರಡು ವರ್ಷ ಕೆಲಸಕ್ಕಿದ್ದೆ. ನಮ್ಮ ಆಫೀಸಿನಲ್ಲಿ ನಿವೃತ್ತಿಗೆ ಹತ್ತಿರ ಬಂದಿದ್ದ ಇಬ್ಬರಿದ್ದರು. ಒಬ್ಬರು ಮೆಕಿನ್ಲಿಯಲ್ಲಿ ಓದಿದವರು, ಇನ್ನೊಬ್ಬರು ಮ್ಯಾಸಿಲನ್‌ನವರು. ಸೇರಿದ ಹೊಸದರಲ್ಲಿ ಕಾಫಿ ಮೆಷಿನ್ ಹತ್ತಿರ ಮೆಕಿನ್ಲಿಯವರು ನನ್ನನ್ನು ಹಿಡಿದು "ನೀನು ಯಾವ ಕಡೆ?" ಅಂತ ಕೇಳಿದರು. ನಾನು ಇಂಡಿಯಾ ಅಂದೆ. "ಅದಲ್ಲ ಕೇಳಿದ್ದು" ಅಂದರು! ಅಕ್ಟೋಬರ್ ಕೊನೆ ಬಂತು ಅಂದ್ರೆ ಇಬ್ಬರ ಮೇಜಿನ ಮೇಲೂ ಬಣ್ಣಬಣ್ಣದ ಬಾವುಟ. ಆ ವಾರ ಮಾತುಕತೆ ಎಲ್ಲ ಇಮೇಲ್‌ನಲ್ಲಿ.

ಆದರೆ ನಾನು ಗಮನಿಸಿದ್ದು ಬೇರೆ. ಮ್ಯಾಸಿಲನ್ ಈ ವಾರ ಎಷ್ಟಕ್ಕೆ ಗೆಲ್ತು, ಯಾವ ಹುಡುಗನ ಮಂಡಿ ನೋಯ್ತಿದೆ, ಹೊಸ ಕೋಚ್ ಹೇಗೆ... ಇದೆಲ್ಲ ಆಫೀಸಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗ್ತಿದ್ದಿದ್ದು ಮೆಕಿನ್ಲಿಯವರಿಗೆ. ಕಾರಣ ಏನೇ ಇರಲಿ, ಆ ಊರನ್ನ ಅಷ್ಟು ಶ್ರದ್ಧೆಯಿಂದ ನೋಡುವ ಹೊರಗಿನವರು ಇನ್ಯಾರೂ ಇರಲಿಲ್ಲ. ಈ ಮಾತನ್ನ ನೆನಪಿಟ್ಟುಕೊಳ್ಳಿ.

ಈ ಪೈಪೋಟಿ ಬರೀ ಶಾಲೆಯದ್ದಾಗಿ ಉಳಿದಿರಲಿಲ್ಲ. 1900ರ ನಂತರ ಎರಡೂ ಊರಿನ ದೊಡ್ಡವರು ದುಡ್ಡು ಕೊಟ್ಟು ಆಟಗಾರರನ್ನ ಕರೆಸೋಕೆ ಶುರು ಮಾಡಿದರು. ಮ್ಯಾಸಿಲನ್ ಟೈಗರ್ಸ್, ಕ್ಯಾಂಟನ್ ಬುಲ್‌ಡಾಗ್ಸ್ ಅಂತ ವೃತ್ತಿಪರ ತಂಡಗಳಿಗೂ ಅದೇ ಹೆಸರು. 1906ರಲ್ಲಿ ಎರಡು ಪಂದ್ಯ ನಡೆದವು. ಮೊದಲನೆಯದನ್ನ ಕ್ಯಾಂಟನ್ 10-5ರಲ್ಲಿ ಗೆದ್ದಿತು, ಎರಡನೆಯದನ್ನ ಮ್ಯಾಸಿಲನ್ 13-6ರಲ್ಲಿ. ಪಂದ್ಯದ ಮೇಲೆ ಬೆಟ್ಟಿಂಗ್ ಜೋರಾಗಿತ್ತು. ಕ್ಯಾಂಟನ್‌ನ ಕೋಚ್ ಲಂಚ ಕೊಟ್ಟು ಫಲಿತಾಂಶ ಮೊದಲೇ ನಿಗದಿ ಮಾಡೋಕೆ ನೋಡಿದ ಅಂತ ಮ್ಯಾಸಿಲನ್‌ನ ಪತ್ರಿಕೆ ಬರೀತು. ಅವನು ಮಾನನಷ್ಟ ಮೊಕದ್ದಮೆ ಹೂಡಿದ. ಆರೋಪ ಸಾಬೀತಾಗಲೇ ಇಲ್ಲ, ಆದರೆ ಜನರ ನಂಬಿಕೆ ಹೋಯ್ತು, ತಂಡಗಳು ಸಾಲದಲ್ಲಿ ಮುಳುಗಿದವು. ಅಷ್ಟು ಅಬ್ಬರದ ವೃತ್ತಿಪರ ಪೈಪೋಟಿ ಕೆಲವು ವರ್ಷ ನಿಂತೇಹೋಯ್ತು.

ಆಮೇಲೆ ಕ್ಯಾಂಟನ್ ಎದ್ದಿತು. 1915ರಲ್ಲಿ ಜಿಮ್ ಥಾರ್ಪ್‌ನಂಥ ಆಟಗಾರನನ್ನ ಪಂದ್ಯಕ್ಕೆ 250 ಡಾಲರ್ ಕೊಟ್ಟು ಕರೆಸಿತು. 1920ರ ಸೆಪ್ಟೆಂಬರ್‌ನಲ್ಲಿ ಅದೇ ಊರಿನ ಒಂದು ಕಾರು ಶೋರೂಮಿನಲ್ಲಿ ಕೂತು ಕೆಲವರು ಒಂದು ಲೀಗ್ ಕಟ್ಟಿದರು. ಈಗ ಕೋಟಿ ಕೋಟಿ ಡಾಲರ್ ವಹಿವಾಟಿನ ಎನ್‌ಎಫ್‌ಎಲ್ ಅಂದ್ರೆ ಅದೇ. ಅದಕ್ಕೇ ವೃತ್ತಿಪರ ಫುಟ್‌ಬಾಲ್‌ನ 'ಹಾಲ್ ಆಫ್ ಫೇಮ್' 1963ರಲ್ಲಿ ಕ್ಯಾಂಟನ್‌ನಲ್ಲಿ ಶುರುವಾಗಿದ್ದು. ಆದರೆ ಲೀಗ್ ದೊಡ್ಡದಾದ ಹಾಗೆ ದೊಡ್ಡ ಊರುಗಳಿಗೆ ಹೋಯ್ತು. ಎರಡೂ ಊರಲ್ಲಿ ವೃತ್ತಿಪರ ತಂಡ ಉಳಿಯಲಿಲ್ಲ. ಶಾಲೆ ಹುಡುಗರ ಆಟ ಮಾತ್ರ ಎಲ್ಲಿಗೂ ಹೋಗಲಿಲ್ಲ. ಹೋಗೋಕೆ ಆಗಲ್ಲವಲ್ಲ! ಮೆಕಿನ್ಲಿ ಶಾಲೆಯನ್ನ ಯಾವ ಶ್ರೀಮಂತನೂ ಕೊಂಡುಕೊಂಡು ಚಿಕಾಗೋಗೆ ಸಾಗಿಸೋಕೆ ಆಗಲ್ಲ.

ಈಗ ಪಾಲ್ ಬ್ರೌನ್ ಕತೆ. ಮ್ಯಾಸಿಲನ್‌ನಲ್ಲೇ ಬೆಳೆದು, ಅದೇ ಶಾಲೆಗೆ ಆಡಿದ ಹುಡುಗ. 1932ರಲ್ಲಿ ಇಪ್ಪತ್ತಮೂರರ ವಯಸ್ಸಿಗೆ ಕೋಚ್ ಆಗಿ ವಾಪಸ್ ಬಂದ. ಮೊದಲ ಮೂರು ವರ್ಷ ಮೆಕಿನ್ಲಿ ಎದುರು ಸೋತ. 1935ರಲ್ಲಿ ಗೆದ್ದ. ಒಂಬತ್ತು ವರ್ಷಗಳ ಒಟ್ಟು ಲೆಕ್ಕ 80 ಗೆಲುವು, 8 ಸೋಲು, 2 ಸಮ. ಆ ಹುಮ್ಮಸ್ಸಿನಲ್ಲೇ 1939ರಲ್ಲಿ ಹೊಸ ಸ್ಟೇಡಿಯಂ ಎದ್ದಿತು. ನನ್ನ ಗೆಳೆಯ ಬಾಯಿ ಬಿಟ್ಟು ನೋಡಿದ್ದು ಅದನ್ನೇ, ಈಗ ಅದಕ್ಕೆ ಬ್ರೌನ್ ಹೆಸರಿದೆ.

ಆ ವರ್ಷಗಳು ಆ ಊರಿಗೆ ಸುಖದ ವರ್ಷಗಳೇನಲ್ಲ. ಎರಡೂ ಊರುಗಳಲ್ಲಿ ಉಕ್ಕಿನ ಕಾರ್ಖಾನೆಗಳಿದ್ದವು, ಒಂದೇ ಕಂಪನಿಯವು. 1937ರ ಬೇಸಿಗೆಯಲ್ಲಿ ಎರಡು ಕಡೆಯ ಕಾರ್ಮಿಕರೂ ಒಟ್ಟಿಗೆ ಮುಷ್ಕರ ಹೂಡಿದ್ದರು. ಜುಲೈ 11ರ ರಾತ್ರಿ ಮ್ಯಾಸಿಲನ್‌ನಲ್ಲಿ ಸಂಘದ ಕಚೇರಿ ಮುಂದೆ ಗುಂಡು ಹಾರಿತು, ಮೂವರು ಸತ್ತರು. ಅದೇ ವರ್ಷ ಮಳೆಗಾಲ ಕಳೆದ ಮೇಲೆ ಅದೇ ಅಪ್ಪಂದಿರು ಒಬ್ಬರ ಎದುರು ಒಬ್ಬರು ಕೂತು ಮಕ್ಕಳ ಆಟ ನೋಡಿ ಕಿರುಚಾಡಿದರು. ವಾರವೆಲ್ಲ ಒಂದೇ ಕುಲುಮೆಯ ಬಿಸಿ ತಿನ್ನುವವರು ಶನಿವಾರ ಮಧ್ಯಾಹ್ನ ವೈರಿಗಳು. ಈ ವೈರತ್ವ ನಿಜವೋ ಆಟವೋ? ನಂಗನ್ಸುತ್ತೆ, ವೈರತ್ವ ಆಡುವುದಕ್ಕೇ ಒಂದು ಸಲಿಗೆ ಬೇಕು. ಗುರುತು ಪರಿಚಯ ಇಲ್ಲದವರ ಜೊತೆ ಹೀಗೆ ಜಗಳ ಆಡೋಕೆ ಆಗಲ್ಲ.

1940ರಲ್ಲಿ ಬ್ರೌನ್‌ನ ಕೊನೆಯ ತಂಡ ಇಡೀ ಋತುವಿನಲ್ಲಿ 477 ಅಂಕ ಗಳಿಸಿ, ಬಿಟ್ಟುಕೊಟ್ಟಿದ್ದು ಬರೀ 6. ಆ ಆರು ಅಂಕ ತೆಗೆದವರು ಯಾರು ಅಂತೀರಿ? ಮೆಕಿನ್ಲಿ! 34-6ರಲ್ಲಿ ಸೋತರೂ ಆ ಬೇಲಿ ಹಾರಿದ್ದು ಪಕ್ಕದ ಮನೆಯವರೊಬ್ಬರೇ.

ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೇರಿಯನ್ ಮಾಟ್ಲಿಯ ಕತೆ. ಜಾರ್ಜಿಯಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಕ್ಯಾಂಟನ್‌ಗೆ ಬಂದ ಕಪ್ಪು ಹುಡುಗ. ಮೆಕಿನ್ಲಿ ತಂಡದಲ್ಲಿ ಆಡಿದ. ಅವನಿದ್ದ ಮೂರು ವರ್ಷಗಳಲ್ಲಿ ಮೆಕಿನ್ಲಿ ಸೋತಿದ್ದು ಮೂರೇ ಪಂದ್ಯ. ಮೂರೂ ಮ್ಯಾಸಿಲನ್ ಎದುರು, ಪಾಲ್ ಬ್ರೌನ್‌ನ ಹುಡುಗರ ಎದುರು. ಅಂದರೆ ವರ್ಷಕ್ಕೊಂದು ಸಲ ಈ ಹುಡುಗನನ್ನ ಹೇಗೆ ತಡೀಬೇಕು ಅಂತ ಬ್ರೌನ್ ತಲೆ ಕೆಡಿಸಿಕೊಂಡು ಕೂತಿದ್ದ.

ವರ್ಷಗಳು ಕಳೆದವು, ಯುದ್ಧ ಬಂತು. 1945ರಲ್ಲಿ ನೌಕಾಪಡೆಯ ಒಂದು ನೆಲೆಯ ತಂಡಕ್ಕೆ ಬ್ರೌನ್ ಕೋಚ್, ಮಾಟ್ಲಿ ಅಲ್ಲಿ ಆಟಗಾರ. ಮಾರನೇ ವರ್ಷ ಬ್ರೌನ್ ಕ್ಲೀವ್‌ಲ್ಯಾಂಡ್‌ನಲ್ಲಿ ಹೊಸ ವೃತ್ತಿಪರ ತಂಡ ಕಟ್ಟುವಾಗ ಮಾಟ್ಲಿಯನ್ನ ಕರೆದ. ಆಗ ದೊಡ್ಡ ಫುಟ್‌ಬಾಲ್‌ನಲ್ಲಿ ಹನ್ನೆರಡು ವರ್ಷಗಳಿಂದ ಕಪ್ಪು ಆಟಗಾರರೇ ಇರಲಿಲ್ಲ. 1946ರಲ್ಲಿ ಆ ಗೋಡೆ ಒಡೆದ ನಾಲ್ವರಲ್ಲಿ ಮಾಟ್ಲಿಯೂ ಒಬ್ಬ. ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್ಸನ್ ಬಂದಿದ್ದು ಅದರ ಮರುವರ್ಷ. ಪಾಲ್ ಬ್ರೌನ್ 1967ರಲ್ಲಿ, ಮಾಟ್ಲಿ 1968ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಕ್ಯಾಂಟನ್‌ನಲ್ಲೇ! ಹುಲಿಗಳ ಕೋಚ್ ಮತ್ತು ಬುಲ್‌ಡಾಗ್ ಹುಡುಗ, ಇಬ್ಬರ ವಿಗ್ರಹಗಳೂ ಈಗ ಒಂದೇ ಸೂರಿನಡಿ.

ಬ್ರೌನ್‌ಗೆ ಗೆಲ್ಲಬೇಕಿತ್ತು, ಅದಕ್ಕೇ ಕರೆದ, ಸಮಾಜ ಸುಧಾರಣೆಗೆ ಅಲ್ಲ ಅಂತ ಯಾರಾದರೂ ಅನ್ನಬಹುದು. ಇರಬಹುದು. ಆದರೆ ಯಾರನ್ನ ಕರೆದರೆ ಗೆಲ್ತೀನಿ ಅಂತ ಅವನಿಗೆ ಹೇಗೆ ಗೊತ್ತಿತ್ತು? ಎದುರಾಳಿಯಾಗಿ ಮೂರು ವರ್ಷ ಕಣ್ಣಿಟ್ಟು ನೋಡಿದ್ದ. ಬೇರೆಯವರು ಬಣ್ಣ ನೋಡುತ್ತಿದ್ದಾಗ ಅವನಿಗೆ ಆಟ ಕಂಡಿತ್ತು.

ಸರಿ, ಇಷ್ಟು ಹೊಗಳಿದ ಮೇಲೆ ನನ್ನ ಗೆಳೆಯನ ಪಾಲಿನ ನ್ಯಾಯವನ್ನೂ ಕೊಡಬೇಕು. ಅವನು ಹೇಳಿದ 'ಹುಚ್ಚು' ಸುಳ್ಳಲ್ಲ. ಮ್ಯಾಸಿಲನ್‌ನಲ್ಲಿ ಗಂಡುಮಗು ಹುಟ್ಟಿದರೆ ತಂಡದ ಅಭಿಮಾನಿಗಳು ಆಸ್ಪತ್ರೆಗೆ ಹೋಗಿ ತೊಟ್ಟಿಲಲ್ಲಿ ಒಂದು ಪುಟ್ಟ ಫುಟ್‌ಬಾಲ್ ಇಟ್ಟು ಬರುವ ಪದ್ಧತಿ ದಶಕಗಳ ಕಾಲ ಇತ್ತು. ಮೊದಲ ಸಲ ಕೇಳಿದಾಗ ನಾನೂ ಖುಷಿಪಟ್ಟೆ. ಆಮೇಲೆ ಯೋಚನೆಯಾಯ್ತು. ಕಣ್ಣೇ ಬಿಡದ ಕೂಸಿಗೆ ಹದಿನೇಳು ವರ್ಷ ಆದಮೇಲೆ ಮಾಡಬೇಕಾದ ಕೆಲಸ ಆಗಲೇ ಹೇಳಿ ಬರೋದು ಎಷ್ಟು ಸರಿ? ಅದೇ ವಾರ್ಡಿನಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಏನು?

ನಾವು ನೋಡಿದ ಚಿತ್ರದಲ್ಲಿ ಇನ್ನೂ ಕಷ್ಟದ ಮಾತಿದೆ. ಅದು 1999ರ ಋತುವಿನ ಕತೆ. ಹಿಂದಿನ ವರ್ಷ ತಂಡ ನಾಲ್ಕು ಗೆದ್ದು ಆರು ಸೋತಿತ್ತು. ಶಾಲೆಗೆ ದುಡ್ಡಿಲ್ಲ, ಊರಿನವರು ಹೆಚ್ಚುವರಿ ತೆರಿಗೆಗೆ ಮತ ಹಾಕಿ ಒಪ್ಪಬೇಕು. ಅಮೆರಿಕದಲ್ಲಿ ಶಾಲೆಗಳು ನಡೆಯೋದು ಬಹುಮಟ್ಟಿಗೆ ಹೀಗೇ, ಊರಿನ ಆಸ್ತಿ ತೆರಿಗೆಯಿಂದ. ಕಾರ್ಖಾನೆ ಹೋದ ಊರಲ್ಲಿ ಆಸ್ತಿಗೂ ಬೆಲೆ ಇಲ್ಲ, ತೆರಿಗೆಯೂ ಇಲ್ಲ. ಆಗ ಎಲ್ಲರ ಮನಸ್ಸಿನಲ್ಲಿ ಒಂದೇ ಲೆಕ್ಕ: ಹುಡುಗರು ಗೆದ್ದರೆ ಜನ ಖುಷಿಯಾಗಿ ಮತ ಹಾಕ್ತಾರೆ, ಸೋತರೆ ಇಲ್ಲ. ಅಂದರೆ ಮೇಷ್ಟ್ರ ಸಂಬಳ ಒಬ್ಬ ಹದಿನೇಳರ ಹುಡುಗ ಚೆಂಡು ಹಿಡೀತಾನೋ ಬಿಡ್ತಾನೋ ಅನ್ನೋದರ ಮೇಲೆ! ಎಂಟನೇ ಕ್ಲಾಸಿನಲ್ಲಿ ಪಾಸಾದ ಹುಡುಗರನ್ನೂ ಮೈ ಬೆಳೆಯಲಿ ಅಂತ ಬೇಕಂತಲೇ ಇನ್ನೊಂದು ವರ್ಷ ಅಲ್ಲೇ ಕೂರಿಸುವ ರೂಢಿಯನ್ನೂ ಚಿತ್ರ ಮುಚ್ಚಿಡೋದಿಲ್ಲ.

ಇದನ್ನ ನಾನು ಒಪ್ಪಲ್ಲ. ಯಾವ ಪೈಪೋಟಿಯ ಹೆಸರಲ್ಲೂ ಒಪ್ಪಲ್ಲ. ಆದರೆ ಇಲ್ಲಿ ತಪ್ಪು ಪೈಪೋಟಿಯದ್ದಾ? 1906ನ್ನ ಇನ್ನೊಂದು ಸಲ ನೋಡಿ. ಆಗ ಹಾಳು ಮಾಡಿದ್ದು ಪಕ್ಕದೂರಿನ ಮೇಲಿನ ಸಿಟ್ಟಲ್ಲ, ಆಟದ ಮೇಲೆ ದುಡ್ಡು ಕಟ್ಟಿದವರು. 1999ರಲ್ಲೂ ಹಾಗೇ. ದೊಡ್ಡವರು ತಾವು ಹೊರಬೇಕಾದ ಭಾರವನ್ನ ಹುಡುಗರ ಹೆಗಲಿಗೆ ಇಟ್ಟರು. ಶಾಲೆಗೆ ಬೇಕಾದ ಹಣ ಸೋತರೂ ಬರಬೇಕು, ಗೆದ್ದರೂ ಬರಬೇಕು. ಅಷ್ಟು ವ್ಯವಸ್ಥೆ ಆದರೆ ಶನಿವಾರದ ಆಟ ಬರೀ ಆಟವಾಗಿ ಉಳಿಯುತ್ತೆ, ಆಗ ಎಷ್ಟು ಬೇಕಾದರೂ ಕಿರುಚಿ.

ನಾನು ಇಷ್ಟು ವಕಾಲತ್ತು ಯಾಕೆ ಮಾಡ್ತಿದೀನಿ ಅಂದ್ರೆ, ನಾನು ಭದ್ರಾವತಿಯವನು. ಕಬ್ಬಿಣದ ಕಾರ್ಖಾನೆಯ ಊರು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಆ ಕಾರ್ಖಾನೆಯ ಸೈರನ್ ಕೇಳಿಕೊಂಡು ನಮ್ಮಮ್ಮ ಅನ್ನಕ್ಕಿಡ್ತಿದ್ದರು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಮಾತು ಬಂದಾಗ ಊರಿನವರು ಬೀದಿಗಿಳಿದರು. ಪಕ್ಕದಲ್ಲೇ ಶಿವಮೊಗ್ಗ, ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ನಾವು ಹುಡುಗರಾಗಿದ್ದಾಗ ಜಿಲ್ಲಾ ಮಟ್ಟದ ಆಟಕ್ಕೆ ಶಿವಮೊಗ್ಗಕ್ಕೆ ಹೋದರೆ ಪಿ.ಟಿ. ಮೇಷ್ಟ್ರು ಬಸ್ಸಿನಲ್ಲೇ ಹೇಳ್ತಿದ್ದರು, "ಯಾರಿಗೆ ಸೋತ್ರೂ ಪರ್ವಾಗಿಲ್ಲ, ಶಿವಮೊಗ್ಗದೋರಿಗೆ ಸೋತ್ರೆ ನಡ್ಕೊಂಡ್ ಬರ್ಬೇಕು" ಅಂತ. ಸೋತ್ವಿ. ಬಸ್ಸಲ್ಲೇ ಕರ್ಕೊಂಡು ಬಂದರು, ದಾರಿಯಲ್ಲಿ ಬೋಂಡಾನೂ ಕೊಡಿಸಿದರು :-)

ಆದರೆ ನಮಗೆ ವರ್ಷ ವರ್ಷ ತಪ್ಪದೆ ಬರುವ ಒಂದು ದಿನ ಅಂತ ಇರಲಿಲ್ಲ. ಕಾರ್ಖಾನೆಗೆ ಕಷ್ಟ ಬಂದಾಗ ಟೀವಿಯವರು ಬಂದರು, ಹೋದರು. ಆಮೇಲೆ ಊರು ಹೇಗಿದೆ ಅಂತ ಯಾರು ನೋಡ್ತಾರೆ? ಓಹಾಯೋದ ಆ ಎರಡು ಊರಿಗೆ ಸಿಕ್ಕ ಭಾಗ್ಯ ಇದು. ಕ್ಯಾಂಟನ್‌ನ ಜನಸಂಖ್ಯೆ 1 ಲಕ್ಷ 16 ಸಾವಿರದಿಂದ 70 ಸಾವಿರಕ್ಕೆ ಇಳೀತು ಅಂದೆನಲ್ಲ, ಉಕ್ಕಿನವರು ಕೈಬಿಟ್ಟರೂ, ಪೇಪರಿನವರು ಮರೆತರೂ, ಎಂಟು ಮೈಲಿ ಆಚೆ ಒಂದು ಊರು ಮಾತ್ರ ಪ್ರತಿ ಅಕ್ಟೋಬರ್‌ನಲ್ಲಿ ಇವರನ್ನ ಸೋಲಿಸಲೇಬೇಕು ಅಂತ ಕಾದಿರುತ್ತೆ. ನಿಮ್ಮನ್ನ ಸೋಲಿಸಬೇಕು ಅಂತ ಒಬ್ಬರು ಇಷ್ಟು ಆಸೆಪಡ್ತಾರೆ ಅಂದ್ರೆ ನೀವಿನ್ನೂ ಇದ್ದೀರಿ ಅಂತ ಅರ್ಥ.

ಕೊನೆಗೊಂದು ಕತೆ ಹೇಳಿ ಮುಗಿಸ್ತೀನಿ. ಓಹಾಯೋದಲ್ಲಿ 1972ರವರೆಗೆ ರಾಜ್ಯ ಚಾಂಪಿಯನ್ ಯಾರು ಅಂತ ತೀರ್ಮಾನ ಆಗ್ತಿದ್ದಿದ್ದು ಪತ್ರಿಕೆಗಳವರ ಮತದಿಂದ. ಆ ಲೆಕ್ಕದಲ್ಲಿ ಮ್ಯಾಸಿಲನ್ ಎಷ್ಟೋ ಸಲ ಚಾಂಪಿಯನ್. ನಾಕೌಟ್ ಪಂದ್ಯಗಳು ಶುರುವಾದ ಮೇಲೆ ಒಂದು ಸಲವೂ ಇಲ್ಲ! ಮೆಕಿನ್ಲಿ 1981, 1997, 1998ರಲ್ಲಿ ಗೆದ್ದಿತು. ಮ್ಯಾಸಿಲನ್ 1980, 1982, 2005ರಲ್ಲಿ ಫೈನಲ್‌ನಲ್ಲಿ ಸೋತಿತು. ಮತ್ತೆ 2018, 2019, 2020, ಸತತ ಮೂರು ವರ್ಷ ಫೈನಲ್‌ನಲ್ಲೇ ಸೋಲು. ಆ 2018ರಲ್ಲೇ ಊರಿನ ಆಸ್ಪತ್ರೆಯೂ ಮುಚ್ಚಿತು, ಚೆಂಡು ಇಟ್ಟು ಬರುತ್ತಿದ್ದ ತೊಟ್ಟಿಲುಗಳ ಸಮೇತ.

2023ರ ಕೊನೆಗೆ ಏಳನೇ ಸಲ ಫೈನಲ್. ಎದುರಾಳಿ ಆಕ್ರನ್‌ನ ಶಾಲೆ, ಹಿಂದೆ ಎರಡು ಸಲ ಇವರನ್ನ ಸೋಲಿಸಿದ್ದವರೇ. ಮ್ಯಾಸಿಲನ್ 7-2ರಲ್ಲಿ ಗೆದ್ದಿತು. ಏನು ಸ್ಕೋರು ಅದು, ಅಷ್ಟು ಕಾದದ್ದಕ್ಕೆ ಒಂದೇ ಒಂದು ಸಲ ಗೆರೆ ದಾಟಿದ್ದು! ನಾಕೌಟ್ ಶುರುವಾಗಿ ಐವತ್ತೊಂದು ವರ್ಷದ ಮೇಲೆ ಬಂದ ಗೆಲುವು. ಆ ಪಂದ್ಯ ನಡೆದದ್ದು ಎಲ್ಲಿ ಗೊತ್ತಾ? ಕ್ಯಾಂಟನ್‌ನಲ್ಲಿ. ಹಾಲ್ ಆಫ್ ಫೇಮ್ ಪಕ್ಕದ ಸ್ಟೇಡಿಯಂನಲ್ಲಿ, ಮೆಕಿನ್ಲಿ ಹುಡುಗರು ತಮ್ಮದು ಅಂದುಕೊಂಡು ಆಡುವ ಅಂಗಳದಲ್ಲಿ.

ಆವತ್ತು ನನ್ನ ಹಳೇ ಆಫೀಸಿನ ಆ ಮೆಕಿನ್ಲಿಯವರಿಗೆ ಇಮೇಲ್ ಹಾಕಿದ್ದೆ. ಈಗ ನಿವೃತ್ತರು. ಸ್ವಲ್ಪ ಕಿಚಾಯಿಸೋಣ ಅಂತಲೇ "ನಿಮ್ಮ ಮನೆ ಅಂಗಳದಲ್ಲೇ ಗೆದ್ದುಬಿಟ್ಟರಲ್ಲ" ಅಂತ ಬರೆದೆ. ಎರಡೇ ಸಾಲಿನ ಉತ್ತರ ಬಂತು. "ನೋಡೋಕೆ ಹೋಗಿದ್ದೆ. ಯಾರಿಗೂ ಹೇಳಬೇಡ."

ಗೆಳೆಯನ ಪ್ರಶ್ನೆಗೆ ಇದೇ ನನ್ನ ಉತ್ತರ. ನೀವೇನಂತೀರಿ? ನಿಮ್ಮೂರಿಗೂ ಪಕ್ಕದೂರಿಗೂ ಇಂಥ ಜಗಳ ಏನಾದರೂ ಇದ್ದರೆ, ಅದು ನಿಂತುಹೋಗೋ ಮೊದಲು ಬರೆದಿಡಿ.